ಬಣ್ಣದ ಕೆಳಗಿನ ಹೆಬ್ಬೆರಳು

ಸೆಪ್ಟೆಂಬರ್ ಹದಿನೆಂಟು, ಗುರುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮಾನ್ವಿ ಪೊಲೀಸ್ ಠಾಣೆಯ ಮುಂದೆ ಒಂದು ಟಂಟಂ ಆಟೊ ಬಂದು ನಿಂತಿತು. ಅದರೊಳಗಿಂದ ಕುರ್ಡಿ ಗ್ರಾಮದ ಏಳೆಂಟು ಜನ ಒಬ್ಬರ ಮೇಲೊಬ್ಬರು ಬಿದ್ದಂತೆ ಇಳಿದರು. ಮುಂದೆ ಅಕ್ಕಿ ಗಿರಣಿಯ ಮಾಲೀಕ, ಊರಿನ ವೀರಯೋಧ ಸ್ಮಾರಕ ಸಮಿತಿಯ ಅಧ್ಯಕ್ಷ ಪಂಪಾಪತಿ.

“ಸಾಹೇಬ್ರ, ನಮ್ಮೂರ ತೋಪಿನ ಗುಂಡು ಕಳುವಾಗ್ಯದ.”

ಇನ್ಸ್‌ಪೆಕ್ಟರ್ ಕಿರಣಕುಮಾರ ಚಹಾ ಕುಡಿಯುತ್ತಿದ್ದ. ಎತ್ತು, ಪಂಪ್‌ಸೆಟ್ಟು, ಟ್ರಾನ್ಸ್‌ಫಾರ್ಮರಿನ ಎಣ್ಣೆ, ಒಮ್ಮೆ ಒಂದು ಇಡೀ ಕಲ್ಯಾಣಮಂಟಪದ ಕುರ್ಚಿಗಳು, ಹೀಗೆ ಅವನು ದಾಖಲಿಸದ ಕಳವಿಲ್ಲ. ತೋಪಿನ ಗುಂಡು ಮಾತ್ರ ಹೊಸದು.

ವಿಷಯ ಇಷ್ಟು. ಕುರ್ಡಿಯ ವೆಂಕೋಬ ಸೈನ್ಯದಲ್ಲಿ ನಾಯಕ್ ದರ್ಜೆಯ ಗನ್ನರ್ ಆಗಿದ್ದವನು. ಕಾಲಾಳುಗಳನ್ನು ಹೊತ್ತು ಹೋಗುವ ಕವಚದ ಗಾಡಿಯ ಮೇಲೆ ಕೂತಿರುತ್ತದಲ್ಲ, ಮೂವತ್ತು ಮಿಲಿಮೀಟರಿನ ಸ್ವಯಂಚಾಲಿತ ತೋಪು, ಅದನ್ನು ನಡೆಸುವವನು. ಐದು ವರ್ಷದ ಹಿಂದೆ ಉತ್ತರದ ಹಿಮದ ಎತ್ತರದಲ್ಲಿ ಉಸಿರು ಸಿಗದೆ ಸತ್ತ. ಊರವರು ಬಸ್ ನಿಲ್ದಾಣದ ಬದಿಗೆ ಅವನ ಎದೆಮಟ್ಟದ ಮೂರ್ತಿ ನಿಲ್ಲಿಸಿದರು. ಅವನ ಟ್ರಂಕಿನ ಜೊತೆ ರೆಜಿಮೆಂಟಿನವರು ಕಳಿಸಿದ್ದ ಒಂದು ಗುಂಡನ್ನು ಮೂರ್ತಿಯ ಮುಂದೆ ನೆಟ್ಟಗೆ ಇಟ್ಟಿದ್ದರು. ಬುಧವಾರ ಸಂಜೆ ದೀಪ ಹಚ್ಚಲು ಹೋದವರಿಗೆ ಅದು ಕಾಣಲಿಲ್ಲ.

“ಎಷ್ಟು ಉದ್ದ?”

“ಒಂದು ಗೇಣಿಗಿಂತ ಒಂದೀಟು ಹೆಚ್ಚು ರೀ. ಕೈಯಾಗ ಹಿಡದ್ರ ಭಾರ ಹತ್ತತಿತ್ತು.”

“ಬೆಲಿ?”

“ಹಿತ್ತಾಳಿ ರೀ, ಬಂಗಾರದಂಗ ಹೊಳೀತಿತ್ತು. ಇಪ್ಪತ್ತೈದು ಸಾವಿರಕ್ಕ ಕಡಿಮಿ ಇಲ್ಲ.”

“ಜೀವಂತ ಅದನೋ ಇಲ್ಲೋ?”

“ಜೀವಂತ ಇರಾಕ ಅದೇನು ಕುರಿ ಏನ್ರಿ?”

ಕಿರಣಕುಮಾರ ಚಹಾದ ಲೋಟ ಕೆಳಗಿಟ್ಟ. ಒಳಗೆ ಮದ್ದಿರುವ ಗುಂಡೇ ಅದಾಗಿದ್ದರೆ, ಹಿತ್ತಾಳೆಯ ಆಸೆಗೆ ಒಯ್ದವನು ಯಾವುದೋ ಕುಲುಮೆಯಲ್ಲಿ ಕಾಯಿಸಿದರೆ, ಮನೆಯ ಜೊತೆ ಓಣಿಯೂ ಹೋಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ೩೦೩(೨)ರಡಿ ಎಫ್‌ಐಆರ್ ದಾಖಲಾಯಿತು. ರಾಯಚೂರಿಗೆ ಫೋನು ಹೋಯಿತು. ಬಾಂಬ್ ನಿಷ್ಕ್ರಿಯ ದಳದವರು ಹೇಳಿದ್ದು ಒಂದೇ ಮಾತು: ಸತ್ತ ಗುಂಡೆಂದು ಸಾಬೀತಾಗುವವರೆಗೆ ಜೀವಂತ ಎಂದೇ ತಿಳಿಯಿರಿ, ಮೂತಿಯ ಮೇಲೆ ಬಣ್ಣದ ಪಟ್ಟಿ ಯಾವುದಿತ್ತು, ಬದಿಯಲ್ಲಿ ತೂತಿತ್ತೇ, ಕೇಳಿ ನೋಡಿ.

ಮಧ್ಯಾಹ್ನ ಹನ್ನೆರಡಕ್ಕೆ ಕುರ್ಡಿಯಲ್ಲಿ ಸ್ಥಳ ಪಂಚನಾಮೆ. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಗಡಿಗೆಪ್ಪ ಮತ್ತು ಮಹಿಳಾ ಪೇದೆ ನಾಗರತ್ನಾ. ಗಡಿಗೆಪ್ಪ ನಿವೃತ್ತಿಯ ಅಂಚಿಗೆ ಬಂದವರು. ಯಾವ ಸಂಗತಿಗೂ ಒಂದು ಗಾದೆ ಇಟ್ಟುಕೊಂಡಿರುವ ಮನುಷ್ಯ. ಸಾಲದಿದ್ದರೆ ಸ್ವಂತದ್ದು ಕಟ್ಟುತ್ತಾರೆ.

ಸ್ಮಾರಕದ ಸುತ್ತ ಕಬ್ಬಿಣದ ಜಾಲರಿ, ಅದಕ್ಕೊಂದು ಬೀಗ. ಬೀಗ ಒಡೆದಿರಲಿಲ್ಲ. ಒಳಗೆ ಒಂದು ಕಸದ ಕಡ್ಡಿಯೂ ಇರಲಿಲ್ಲ. ಮೂರ್ತಿಯ ಮುಖ, ಮೀಸೆಯ ಸಂದು ಕೂಡ, ಯಾರೋ ಒದ್ದೆ ಬಟ್ಟೆಯಿಂದ ಒರೆಸಿದಂತಿತ್ತು. ಕೊರಳಲ್ಲಿ ಚೆಂಡು ಹೂವಿನ ಮಾಲೆ, ಅರ್ಧ ಬಾಡಿದ್ದು.

“ಮಾಲಿ ಸಮಿತಿಯವರು ಹಾಕಿದ್ದೇನು?”

“ಇಲ್ರಿ. ನಾವು ಹಾಕೋದು ಹಬ್ಬಕ್ಕ ಅಷ್ಟೇ.”

“ಕಸಾ ಹೊಡದು, ಹೂವು ಏರಿಸಿ ಹೋಗೋ ಕಳ್ಳ!” ಎಂದರು ಗಡಿಗೆಪ್ಪ. “ಅಂವ ಸಿಕ್ರ ನಮ್ಮ ಮನಿಗೂ ಒಂದೀಟು ಕಳಸ್ರಿ ಸರ್.”

ಪಂಚರು ನಕ್ಕರು. ಪಂಪಾಪತಿ ನಗಲಿಲ್ಲ. ನಾಗರತ್ನಾ ಮಾಲೆಯನ್ನು ಬೆರಳಿನಿಂದ ಎತ್ತಿ ನೋಡುತ್ತಿದ್ದಳು.

“ಸರ್, ಇದು ಅಂಗಡಿ ಮಾಲಿ ಅಲ್ಲ. ಅಂಗಡ್ಯಾಗ ಸೂಜಿ ದಾರದಾಗ ಪೋಣಸ್ತಾರ. ಇದನ್ನ ಬಾಳಿ ನಾರಿನಾಗ ಎರಡೆರಡು ಹೂವು ಹಿಡದು ಗಂಟು ಹಾಕ್ಯಾರ. ಇಷ್ಟು ಬಿಗಿ ಕಟ್ಟೋರು ಈಗ ಕಡಿಮಿ.”

ಮಾಲೆಯೂ ಪಂಚನಾಮೆಗೆ ಸೇರಿತು. ಗುಂಡಿನ ಮೂತಿಗೆ ಬಣ್ಣದ ಪಟ್ಟಿ ಇತ್ತೇ ಎಂದು ಕೇಳಿದಾಗ ಪಂಪಾಪತಿ ಹೆಮ್ಮೆಯಿಂದಲೇ ಹೇಳಿದ: “ಏನೋ ಇತ್ರಿ, ಚಂದ ಕಾಣಲಿಲ್ಲ. ಮೂರ್ತಿಗೆ ಹೊಡೆಯೋ ಬಂಗಾರದ ಬಣ್ಣಾನೇ ಅದಕ್ಕೂ ಹೊಡಸೀವಿ. ಆಗಸ್ಟ್ ಹದಿನೈದಕ್ಕೊಂದು ಕೋಟು, ಜನವರಿ ಇಪ್ಪತ್ತಾರಕ್ಕೊಂದು ಕೋಟು.”

“ಬದಿಗೆ ತೂತು?”

“ತೂತಿತ್ತೋ, ಜಂಗು ತಿಂದಿತ್ತೋ, ನೆನಪಿಲ್ರಿ. ಕಣಜದ ಹುಳ ಬಂದು ಕುಂದರತಿದ್ವು. ಪುಟ್ಟಿ ಬಡದು ಮುಚ್ಚಿ ಬಿಟ್ವಿ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಗುಂಡಿನ ಜಾತಿ ಹೇಳುವ ಗುರುತುಗಳನ್ನೆಲ್ಲ ಭಕ್ತಿಯಿಂದ, ವರ್ಷಕ್ಕೆರಡು ಸಲ, ಖರ್ಚು ಮಾಡಿ ಅಳಿಸಿಟ್ಟಿದ್ದರು.

ಬೀಗದ ಕೀಲಿ ಎರಡು. ಒಂದು ಪಂಪಾಪತಿಯ ಗಿರಣಿಯಲ್ಲಿ, ತಿಜೋರಿಯೊಳಗೆ. ಇನ್ನೊಂದು ವೆಂಕೋಬನ ತಾಯಿ ಮಾನಮ್ಮನ ಬಳಿ.

ಮಾನಮ್ಮನ ಮನೆ ಹರಿಜನ ಕೇರಿಯ ತುದಿಗೆ. ಮುದುಕಿ ಬಾಗಿಲಲ್ಲಿ ಕೂತು ಕಡಲೆಬೇಳೆ ಆರಿಸುತ್ತಿದ್ದಳು. ಭಾನುವಾರ ಮಹಾಲಯ ಅಮಾವಾಸ್ಯೆ. ತೀರಿಹೋದವರಿಗೆ ಎಡೆ ಇಡುವ ದಿನ. ಮನೆಮನೆಯಲ್ಲೂ ಹೋಳಿಗೆಯ ಸಿದ್ಧತೆ ನಡೆದಿತ್ತು.

“ಕೀಲಿ ಎಲ್ಲಿ ಅದ ಯವ್ವಾ?”

“ನಡದಾಗ.” ಸೆರಗು ಸರಿಸಿ ತೋರಿಸಿದಳು. ಸೊಂಟದ ಕರಿದಾರಕ್ಕೆ ಕೀಲಿ ಕಟ್ಟಿತ್ತು.

“ಯಾರಿಗರ ಕೊಟ್ಟಿದ್ದೇನು?”

“ಎದಕ್ಕ ಕೊಡ್ಲಿ?”

“ನಿದ್ದಿ ಹತ್ತಿದಾಗ ಯಾರರ ಬಿಚ್ಚಿಕೊಂಡಿರಬೇಕು.”

“ನನ್ನ ನಿದ್ದಿ ಕಾಗಿ ನಿದ್ದಿ ಯಪ್ಪಾ. ಹಗಲಂತೂ ಕಣ್ಣು ಮುಚ್ಚಂಗಿಲ್ಲ.”

ಗೋಡೆಯ ಮೇಲೆ ಮಗನ ಮದುವೆಯ ಫೋಟೋ ಇತ್ತು. ಅದರ ಅರ್ಧಕ್ಕೆ ಸರಿಯಾಗಿ ಒಂದು ಕ್ಯಾಲೆಂಡರು ನೇತುಹಾಕಿದ್ದರು. ಕ್ಯಾಲೆಂಡರಿನ ಅಂಚಿನಿಂದ ಹಸಿರು ಬಳೆಯ ಒಂದು ಕೈ ಮಾತ್ರ ಕಾಣುತ್ತಿತ್ತು.

“ಸೊಸಿ?”

“ಉಡಿಕಿ ಮಾಡಿ ಕಳಿಸಿದ್ವಿ. ಮೂರು ವರ್ಷಾತು. ಸಣ್ಣ ವಯಸ್ಸಿನಾಕಿ, ಎಷ್ಟಂತ ಕುಂದರಸೋದು? ನಾನೇ ಮುಂದ ನಿಂತು ಮಾಡಿಸಿದೆ.” ಮಾನಮ್ಮ ಮೊರವನ್ನು ಒಮ್ಮೆ ಕುಟ್ಟಿದಳು. ಪೊಲೀಸರು ಎದ್ದು ನಿಂತಾಗ ಅವಳೇ ಕೇಳಿದಳು: “ಅದು ಸಿಕ್ರ, ಮತ್ತ ಬಣ್ಣಾ ಹೊಡೀತಾರೇನು?”

“ಸಿಗಲಿ ಮೊದಲು,” ಎಂದ ಕಿರಣಕುಮಾರ.

ಜೀಪಿನಲ್ಲಿ ಗಡಿಗೆಪ್ಪ ಉಡಿಕಿಯ ಪಾಠ ಹೇಳಿದರು. ವಿಧವೆಗೆ ಮರುಮದುವೆ ಮಾಡುವುದು ಈ ಕಡೆ ಹಿಂದಿನಿಂದ ನಡೆದು ಬಂದದ್ದು, ಒಳ್ಳೆಯದೇ. ಆದರೆ ಒಮ್ಮೆ ಉಡಿಕಿ ಆದಮೇಲೆ ಮೊದಲಿನ ಮನೆಯ ಹೊಸ್ತಿಲು ಅವಳಿಗೆ ಹೊರತು. ಮೊದಲಿನ ಗಂಡನ ಫೋಟೋ ಇಟ್ಟುಕೊಳ್ಳುವಂತಿಲ್ಲ, ಅವನ ಹೆಸರಿಗೆ ಎಡೆ ಹಿಡಿಯುವಂತಿಲ್ಲ, ಅವನ ಗದ್ದುಗೆ ಮುಟ್ಟುವಂತಿಲ್ಲ.

“ಅಳೋದಾದ್ರೂ ಅಳಬಹುದೇನು?” ಕಿರಣಕುಮಾರ ಕೇಳಿದ.

“ಬಚ್ಚಲದಾಗ ಅಳಬಹುದು ಸರ್. ನೀರಿನ ಸಪ್ಪಳದಾಗ ಯಾರಿಗೂ ಕೇಳಂಗಿಲ್ಲ.”

ಶುಕ್ರವಾರ ಇಡೀ ದಿನ ಗುಜರಿ ಅಂಗಡಿಗಳಿಗೆ ಹೋಯಿತು. ಮಾನ್ವಿ ಮುಗಿಸಿ ರಾಯಚೂರು. ಅಲ್ಲಿ ದೊಡ್ಡ ಅಂಗಡಿ ನೂರ್ ಬೀಯದು. ಹರಿದ ಕುರ್ಚಿಯಲ್ಲಿ ಕೂತೇ ಅಂಗಡಿ ಆಳುವ ಹೆಂಗಸು, ಕೊರಳಲ್ಲಿ ತಾಯತ, ಕೈಯಲ್ಲಿ ದಾರಕ್ಕೆ ಕಟ್ಟಿದ ಆಯಸ್ಕಾಂತ. “ಮಿಲಿಟ್ರಿ ಮಾಲ್ ನಾ ಮುಟ್ಟಲ್ಲ ಸಾಬ್,” ಅಂದಳು. “ಮುಟ್ಟಿದ್ರ ಮೊದಲು ಅದು ಸಿಡೀತದ, ಇಲ್ಲಾ ನೀವು ಸಿಡೀತೀರಿ.” ಯಾರೂ ಅಂಥದನ್ನು ತಂದಿರಲಿಲ್ಲ.

ಮಾಜಿ ಸೈನಿಕರ ಸಂಘದವರು ಒಂದು ಹೆಸರು ಕೊಟ್ಟರು: ನಿವೃತ್ತ ಸುಬೇದಾರ್ ಶಕೀಲ್. ಅದೇ ಗಾಡಿ, ಅದೇ ತೋಪಿನ ತರಬೇತಿ ಕೊಟ್ಟವರು. ಸೈನ್ಯದ ಮಾತಿನಲ್ಲಿ ಉಸ್ತಾದ್. ಈಗ ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ಕಾಟಾದ ಮೇಲ್ವಿಚಾರಕ. ಶನಿವಾರ ಹನ್ನೊಂದಕ್ಕೆ ಕಿರಣಕುಮಾರ ಅಲ್ಲಿಗೆ ಹೋದಾಗ, ಭತ್ತದ ಧೂಳಿನ ನಡುವೆ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದರು.

“ವೆಂಕೋಬ ನನ್ನ ಕೈಯಾಗ ಕಲ್ತ ಹುಡುಗ. ಟ್ರಂಕು, ಗುಂಡು, ಎರಡೂ ಕುರ್ಡಿಗೆ ಮುಟ್ಟಿಸಿದಾಂವ ನಾನೇ.”

“ಅದು ಜೀವಂತ ಗುಂಡೇನು?”

“ಡ್ರಿಲ್ ಗುಂಡು ಸಾಬ್. ಕಲಿಯಾಕ ಇಟ್ಟಿದ್ದು. ಮದ್ದಿಲ್ಲ, ಏನಿಲ್ಲ. ಬದಿಗೆ ತೂತು ಹೊಡದಿರ್ತೀವಿ, ಗುರುತಿಗೆ.”

ಎರಡು ದಿನದಿಂದ ಕಾಡುತ್ತಿದ್ದ ಕುಲುಮೆಯ ಭಯ ಕಿರಣಕುಮಾರನಿಗೆ ಇಳಿಯಿತು. ಆದರೂ ಕೇಳಿದ: “ಹಿತ್ತಾಳಿದು ಅಂತಾರಲ್ಲ?”

“ಬಣ್ಣಾ ನೋಡಿ ಅಂತಾರ. ಅದರ ಕೋಶ ಉಕ್ಕಿಂದು. ಮ್ಯಾಲೆ ಹಸರು ಮೆರುಗು.” ಶಕೀಲ್ ಖಾಲಿ ಚೀಲದ ಮೇಲೆ ಕೂತು ಕೈಯಾಡಿಸುತ್ತ ಹೇಳತೊಡಗಿದರು. ಹೇಳುತ್ತ ಹೇಳುತ್ತ ಆ ಕಾಟಾ, ಆ ಲಾರಿ ಎಲ್ಲ ಮರೆತಂತೆ ಕಂಡರು. “ಆ ತೋಪು ಭಾರಿ ಚೀಜು ಸಾಬ್. ಒತ್ತಿ ಹಿಡದ್ರ ಹೊಲಿಗಿ ಮಿಷನ್ ಹಂಗ ಬಿಡ್ತದ. ಎರಡು ಗುಂಡಿನ ಮಾಲಿ ಇರ್ತಾವ. ಒಂದ್ರಾಗ ಉಕ್ಕು ತೂರಿ ಹೋಗೋ ಗುಂಡು, ಇನ್ನೊಂದ್ರಾಗ ಬಡದು ಸಿಡಿಯೋ ಗುಂಡು. ಮುಂದ ಕವಚದ ಗಾಡಿ ಬಂದ್ರ ಒಂದು, ಬಂಕರು ಕಂಡ್ರ ಒಂದು. ಗನ್ನರ್ ಕಣ್ಣು ಪಿಳುಕಿಸೋದ್ರಾಗ ಸ್ವಿಚ್ ಬದಲಿ ಮಾಡಬೇಕು. ಆದ್ರ ಖರೇ ಕೆಲಸ ಇರೋದು ಮಾಲಿ ಕಟ್ಟೋದ್ರಾಗ. ಒಂದೊಂದು ಗುಂಡೂ ಕಬ್ಬಿಣದ ಕೊಂಡಿಗೆ ಸರಿಯಾಗಿ ಕೂಡಬೇಕು. ಒಂದು ಓರೆ ಕುಂತ್ರ ತೋಪು ಕಚ್ಚಿ ನಿಂತಿತು ಅಂತನೇ. ಅದಕ್ಕ ಡ್ರಿಲ್ ಗುಂಡು ಕೊಟ್ಟು ಕೂಡಸು, ಬಿಚ್ಚು, ಕೂಡಸು, ಬಿಚ್ಚು ಅಂತ ಮಾಡಸ್ತಿದ್ದೆ. ಹೆಬ್ಬೆಟ್ಟು ಬೀಳೋ ಜಾಗಾದಾಗ ಮೆರುಗೆಲ್ಲಾ ಹೋಗಿ ಬೆಳ್ಳಗ ಆಗಿರತಿತ್ತು. ವೆಂಕೋಬನ ಗುಂಡಿಗಂತೂ ಸವದು ಸವದು ಒಂದು ಗುರುತೇ ಬಿದ್ದಿತ್ತು. ಅದಕ್ಕೇ ಅದನ್ನ ಆರಿಸಿ ತಂದೆ. ಏನೂ ಭಯ ಇಲ್ಲ ಬಿಡ್ರಿ. ಥಿನ್ನರ್ ಹಚ್ಚಿ ತಿಕ್ಕಿದ್ರೂ ಏನಾಗಂಗಿಲ್ಲ.”

ಕಿರಣಕುಮಾರ ಪೆನ್ನು ನಿಲ್ಲಿಸಿದ.

“ಥಿನ್ನರ್ ಮಾತು ನಾ ಎತ್ತಿಲ್ಲ ಉಸ್ತಾದ್.”

ಶಕೀಲ್ ಅಂಗಿಯ ಮೇಲಿನ ಧೂಳು ಕೊಡವಿಕೊಂಡರು. ಹಿಂದೆ ಒಂದು ಲಾರಿ ಹಾರ್ನ್ ಹೊಡೆಯಿತು.

“ಯಾರು ಕೇಳಿದ್ರು?”

“ಹೆಸರು ನಾ ಹೇಳಂಗಿಲ್ಲ.”

“ಹೇಳಲಿಕ್ಕೇ ಬೇಕು. ಕಳವಿನ ಕೇಸು.”

“ಹಂಗಿದ್ರ ನನ್ನನ್ನೇ ಬರಕೊಳ್ರಿ. ಕೇಳಿದಾಕಿ ಕಳ್ಳಿ ಅಲ್ಲ.” ಅಂದವರೇ ನಾಲಿಗೆ ಕಚ್ಚಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ; ಇಲ್ಲಿ ಕಳ್ಳನಲ್ಲದವರು ಬೇರೆಯವರ ಹೆಗಲು ಮುಚ್ಚಲು ಹೋಗಿ ತೋರಿಸಿಬಿಟ್ಟಿದ್ದರು.

ಸಂಜೆ ಮಾನ್ವಿಯ ಕ್ವಾರ್ಟರ್ಸಿನಲ್ಲಿ ಕಿರಣಕುಮಾರ ಮುಖ ತೊಳೆದುಕೊಂಡ. ಬಚ್ಚಲಿನ ಗೂಡಿನಲ್ಲಿ ಎರಡು ಸೋಪುಗಳಿದ್ದವು. ಒಂದು ಅವನದು. ಇನ್ನೊಂದು ಹೆಂಡತಿ ಕಲ್ಯಾಣಿ ಯುಗಾದಿಗೆ ಬಂದಾಗ ಅರ್ಧ ಬಳಸಿ ಬಿಟ್ಟುಹೋದದ್ದು, ಒಣಗಿ ಬಿರುಕು ಬಿಟ್ಟಿತ್ತು. ಅವಳು ಬೀದರಿನಲ್ಲಿ ಕಾಲೇಜು ಉಪನ್ಯಾಸಕಿ. ವರ್ಗಾವಣೆಯ ಅರ್ಜಿ ಯಾವ ಮೇಜಿನ ಮೇಲೆ ಮಲಗಿದೆಯೋ ದೇವರೇ ಬಲ್ಲ. ಅವಳ ಅಂಗೈ ತಿರುಗಿ ತಿರುಗಿ ಆ ಸೋಪು ನಡುವೆ ತಗ್ಗಾಗಿತ್ತು. ಅವನು ಅದನ್ನು ಬಳಸುತ್ತಿರಲಿಲ್ಲ, ಎಸೆಯುತ್ತಲೂ ಇರಲಿಲ್ಲ. ಕೆಲಸದ ಹೆಂಗಸು ಎಸೆಯಲು ಹೋದಾಗ ಒಮ್ಮೆ ಜೋರಾಗಿ ಗದರಿದ್ದ, ಆಮೇಲೆ ನಾಚಿಕೆಪಟ್ಟಿದ್ದ.

ಫೋನಿನಲ್ಲಿ ಕಲ್ಯಾಣಿ ಕೇಳಿದಳು: “ನಾಳೆ ಅಮಾಸಿ, ಬರ್ತೀರೇನು?”

“ಕೇಸ್ ಅದ.”

“ಯಾವತ್ತಿಲ್ಲ?”

ಫೋನು ಇಟ್ಟ ಮೇಲೆ ಕಿರಣಕುಮಾರನಿಗೆ ಮುದುಕಿಯ ಮಾತು ನೆನಪಾಯಿತು. ಗುಂಡು ಕಳೆದುಕೊಂಡ ತಾಯಿ ಯಾರು ಒಯ್ದರು ಎಂದು ಕೇಳಿರಲಿಲ್ಲ. ಮತ್ತೆ ಬಣ್ಣ ಹೊಡೆಯುತ್ತಾರೇನು ಎಂದು ಕೇಳಿದ್ದಳು. ಅವನು ಗಡಿಗೆಪ್ಪನವರಿಗೆ ಫೋನು ಮಾಡಿದ. “ಉಡಿಕಿ ಮಾಡಿಕೊಟ್ಟದ್ದು ಯಾವೂರಿಗೆ, ಏನು ಕೆಲಸದವನಿಗೆ, ವಿಚಾರಿಸ್ರಿ.”

ಉತ್ತರ ಅರ್ಧ ತಾಸಿನಲ್ಲಿ ಬಂತು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ. ಹನುಮಂತ್ರಾಯ ಎಂಬಾತ. ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ. ಅಂಥ ಅಂಗಡಿಯಲ್ಲಿ ವಾರ್ನಿಷಿನ ಪಕ್ಕದಲ್ಲಿ ಥಿನ್ನರಿನ ಡಬ್ಬಿ ಇದ್ದೇ ಇರುತ್ತದೆ.

ಭಾನುವಾರ ಜಾಲಹಳ್ಳಿ ತಲುಪಿದಾಗ ಹನ್ನೆರಡೂ ಮೂವತ್ತೈದು. ಅಂಗಡಿ ಮುಚ್ಚಿತ್ತು, ಅದರ ಹಿಂದೆಯೇ ಮನೆ. ಮುಂದಿನ ಕಟ್ಟೆಯ ಮೇಲೆ ಒಬ್ಬ ಬಡಕಲು ಮನುಷ್ಯ ಮಡಿಕೆಯ ಗೆರೆ ಮಾಸದ ಅಂಗಿ ತೊಟ್ಟು, ತನ್ನ ಮನೆಗೆ ತಾನೇ ನೆಂಟನಾಗಿ ಬಂದವನ ಹಾಗೆ ಕೂತಿದ್ದ. ಬಾಗಿಲು ಅರೆ ಮುಚ್ಚಿತ್ತು. ಒಳಗಿನಿಂದ ಊದುಬತ್ತಿಯ ವಾಸನೆ, ಅದರೊಳಗೆ ಥಿನ್ನರಿನ ಘಾಟು.

“ಹನುಮಂತ್ರಾಯ?”

“ಹೌದ್ರಿ.” ಪೊಲೀಸರನ್ನು ಕಂಡು ಆತ ಎದ್ದು ನಿಂತ. ಗಾಬರಿಯಾದಂತೆ ಕಾಣಲಿಲ್ಲ. “ಒಂದೀಟು ತಡೀರಿ ಸಾಹೇಬ್ರ. ಆಕಿ ಎಡಿ ಮುಂದ ಕುಂತಾಳ. ಮುಗೀಲಿ. ನಾನೂ ಅದಕ್ಕ ಹೊರಗ ಕುಂತೀನಿ.”

“ಯಾರ ಎಡಿ ಅಂತ ಗೊತ್ತದೇನು ನಿನಗ?”

“ಗೊತ್ತದ ರೀ.”

“ಆಕಿ ಹೇಳಿದ್ಳೇನು?”

“ಇಲ್ರಿ. ಥಿನ್ನರ್ ಡಬ್ಬಿ ದಿನಾ ಕಡಿಮಿ ಆಗಾಕತ್ತಿತ್ತು. ನಾನೂ ಕೇಳಲಿಲ್ಲ. ಇನ್ನೊಂದು ಡಬ್ಬಿ ತಂದಿಟ್ಟೆ.”

ಕಾನೂನಿನ ಪ್ರಕಾರ ಈಗ ಬಾಗಿಲು ದೂಡಿ ಒಳಗೆ ನುಗ್ಗಬೇಕು. ಕಿರಣಕುಮಾರ ಗಡಿಗೆಪ್ಪನವರ ಮುಖ ನೋಡಿದ. ಅವರ ಬಳಿ ಆವತ್ತು ಗಾದೆ ಇರಲಿಲ್ಲ. “ಎಡಿ ಮುಂದ ಕುಂತೋರನ್ನ ಎಬ್ಬಿಸಬಾರದು ಸರ್,” ಎಂದಷ್ಟೇ ಹೇಳಿದರು. ನಾಗರತ್ನಾ ಹಿತ್ತಲ ಬಾಗಿಲಿಗೆ ಹೋಗಿ ನಿಂತಳು. ಪಂಚರು, ಪೊಲೀಸರು, ಮನೆಯ ಯಜಮಾನ, ಎಲ್ಲರೂ ಸಾಲಾಗಿ ಕಟ್ಟೆಯ ಮೇಲೆ ಕೂತರು. ಸತ್ತವನೊಬ್ಬ ಒಳಗೆ ಊಟ ಮಾಡುತ್ತಿದ್ದ. ಕಾಯದೆ ಹೊರಗೆ ಕಾಯಿತು.

ಒಂದೂ ಹತ್ತಕ್ಕೆ ಬಾಗಿಲು ತೆರೆಯಿತು. ಹೊರಬಂದವಳು ಮೌನೇಶ್ವರಿ, ಮಾನಮ್ಮನ ಸೊಸೆಯಾಗಿದ್ದವಳು, ಇಪ್ಪತ್ತೆಂಟರ ಹೆಂಗಸು. ಬೆರಳ ತುದಿಯ ಚರ್ಮವೆಲ್ಲ ಸುಲಿದಿತ್ತು. ಖಾಕಿ ಕಂಡು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಬದಿಗೆ ಸರಿದು ದಾರಿ ಬಿಟ್ಟಳು.

ಒಳಗೆ ಮಣೆಯ ಮೇಲೆ ಹೊಸ ಧೋತರ ಹಾಸಿ ಗುಂಡನ್ನು ನಿಲ್ಲಿಸಿದ್ದಳು. ಬಂಗಾರವೆಲ್ಲ ಹೋಗಿ ಹಸಿರು ಬೂದಿ ಬಣ್ಣದ ಉಕ್ಕು ಹೊರಬಂದಿತ್ತು. ಪುಟ್ಟಿ ಕಿತ್ತ ಜಾಗದಲ್ಲಿ ತೂತು. ಕಣ್ಣಿಟ್ಟು ನೋಡಿದರೆ ಒಳಗೆ ಬರೀ ಕತ್ತಲೆ. ಕೊರಳಿಗೆ ಬಾಳೆ ನಾರಿನಲ್ಲಿ ಎರಡೆರಡು ಹೂ ಹಿಡಿದು ಬಿಗಿಯಾಗಿ ಕಟ್ಟಿದ ಚೆಂಡು ಹೂವಿನ ಮಾಲೆ. ಮುಂದೆ ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ, ಒಂದು ಲೋಟ ಚಹಾ.

“ಇದು ಎಲ್ಲಿಂದ ಬಂತು?”

“ನಾನೇ ತಂದೀನ್ರಿ. ಬುಧವಾರ ಮಧ್ಯಾಹ್ನ. ಮಂದಿ ಎಲ್ಲಾ ಹತ್ತಿ ಹೊಲಕ್ಕ ಹೋಗಿದ್ರು.”

“ಕೀಲಿ?”

“ಅತ್ತಿ ಮಲಗಿದ್ಳು. ನಡದಾಗಿಂದ ಬಿಚ್ಚಿಕೊಂಡೆ.”

“ಕಸಾ ಹೊಡದವರು?”

ಅವಳು ಸುಲಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಅದೂ ನಾನೇ ರೀ.”

ಕಾಗೆ ನಿದ್ದೆಯ ಮುದುಕಿ, ಹಗಲು ಕಣ್ಣು ಮುಚ್ಚದವಳು. ಕಿರಣಕುಮಾರ ಬರೆದುಕೊಂಡ. ಹೇಳಿಕೆಯನ್ನು ಹೇಳಿದಂತೆಯೇ ಬರೆಯಬೇಕೆಂಬ ನಿಯಮ ಆವತ್ತು ಅವನಿಗೆ ಬಹಳ ಹಿಡಿಸಿತು.

“ಎದಕ್ಕ ಬೇಕಿತ್ತು?”

ಮೌನೇಶ್ವರಿ ಗುಂಡಿನ ಕಡೆ ನೋಡುತ್ತ ಹೇಳಿದಳು.

“ಅಂವ ರಜಾಕ್ಕ ಬಂದಾಗ ನಾ ಹೂವು ಕಟ್ತಾ ಕುಂತ್ರ ನಗತಿದ್ದ ರೀ. ನೀನೂ ಮಾಲಿ ಕಟ್ತಿ, ನಾನೂ ಮಾಲಿ ಕಟ್ತೀನಿ ಅಂತಿದ್ದ. ನನ್ನ ಹೆಬ್ಬೆಟ್ಟು ಬಿದ್ದು ಬಿದ್ದು ಒಂದು ಗುಂಡಿನ ಬಣ್ಣಾನೇ ಹೋಗ್ಯದ, ಒಂದು ದಿನ ತೋರಸ್ತೀನಿ ಅಂತಿದ್ದ. ತೋರಿಸಲಿಲ್ಲ. ಉಸ್ತಾದ್ ಅವರು ತಂದು ಕೊಟ್ಟಾಗ ಹೆಣದ ಮುಂದ ಗದ್ದಲ. ಯಾರೋ ಎತ್ತಿಕೊಂಡು ಹೋದ್ರು. ನಾ ಮುಟ್ಟೋದ್ರಾಗ ಬಣ್ಣಾ ಬಡದಿದ್ರು.”

“ಮೂರ್ತಿ ಇತ್ತಲ್ಲ, ನೋಡಾಕ?”

“ಆ ಮೂರ್ತಿ ಅವನಂಗ ಇಲ್ರಿ. ಆ ಮೀಸಿ ಅವನವಲ್ಲ. ಅಂವ ಮುಟ್ಟಿದ್ದು ಅಂತ ಆ ಹೊಸ್ತಿಲ ಹೊರಗ ಉಳದದ್ದು ಇದೊಂದೇ. ಈ ಸಲ ಆಗಸ್ಟ್ ಹದಿನೈದಕ್ಕ ಬಸ್ ಸ್ಟ್ಯಾಂಡಿನ ಆಚಿ ಬದಿ ನಿಂತಿದ್ದೆ. ಮತ್ತೊಂದು ಕೋಟು ಹೊಡ್ಯಾಕತ್ತಿದ್ರು. ಹಿಂಗೇ ಬಡಕೋತ ಹೋದ್ರ ಅಂವ ಎಷ್ಟು ಒಳಗ ಹೋಗ್ತಾನ ಅನ್ನಿಸ್ತು ರೀ. ಈ ಮನ್ಯಾಗ ಅವನ ಫೋಟೋ ಇಡಂಗಿಲ್ಲ. ಇದರ ಬಣ್ಣಾ ತೆಗದ್ರ ಬರೇ ಕಬ್ಬಿಣ, ಯಾರೂ ಕೇಳಂಗಿಲ್ಲ, ಒಂದು ಎಡಿ ಇಡಬಹುದು ಅಂತ...”

ಮುಂದಕ್ಕೆ ಬಾಗಿ ಅವಳು ಗುಂಡಿನ ನಡುವಿಗೆ ಹೆಬ್ಬೆರಳಿಟ್ಟಳು. ಅಲ್ಲಿ ಹಸಿರು ಮೆರುಗು ಹೋಗಿ, ಬೆಳ್ಳಗೆ, ನಯವಾಗಿ, ಒಂದು ರೂಪಾಯಿ ನಾಣ್ಯದಷ್ಟು ಜಾಗ ಸವೆದಿತ್ತು.

“ನೋಡ್ರಿ. ನಂದು ಇದರಾಗ ಸರಿಯಾಗಿ ಕೂಡಂಗಿಲ್ಲ. ಅವಂದು ದೊಡ್ಡದಿತ್ತು.”

ಕಿರಣಕುಮಾರನಿಗೂ ಒಮ್ಮೆ ಹೆಬ್ಬೆರಳು ಇಟ್ಟು ನೋಡಬೇಕೆನ್ನಿಸಿತು. ಇಡಲಿಲ್ಲ. ಜಪ್ತಿ ಪಂಚನಾಮೆ ಬರೆಸಿ, ಗುಂಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿಸಿದ. ಮಧ್ಯಾಹ್ನ ಎರಡೂ ಐದಕ್ಕೆ ನಾಗರತ್ನಾ ಆರೋಪಿಯ ಭುಜ ಮುಟ್ಟಿ ಬಂಧನದ ಕಾರಣ ತಿಳಿಸಿದಳು.

“ಆಕಿ ಉಂಡಿಲ್ರಿ,” ಎಂದ ಹನುಮಂತ್ರಾಯ. “ಎಡಿ ಮುಗದ ಮ್ಯಾಲ ಉಣ್ಣಬೇಕು.”

“ಉಣ್ಲಿ,” ಎಂದ ಕಿರಣಕುಮಾರ. ಹನುಮಂತ್ರಾಯ ತಾನೇ ತಟ್ಟೆಗೆ ಬಡಿಸಿ ಹೆಂಡತಿಯ ಮುಂದಿಟ್ಟ. ಆರೋಪಿಯ ಮನೆಯಲ್ಲಿ ತನಿಖಾ ಸಿಬ್ಬಂದಿ ಉಣ್ಣುವಂತಿಲ್ಲವಾದ್ದರಿಂದ ಗಡಿಗೆಪ್ಪ ಹೋಳಿಗೆಯ ಕಡೆ ಬೆನ್ನು ಮಾಡಿ ನಿಂತರು.

ಅವತ್ತೇ ಜಾಮೀನಾಯಿತು. ಠಾಣೆಗೆ ಮರಳಿ ಕಿರಣಕುಮಾರ ಬೀದರಿಗೆ ಹೋಗಲು ಎರಡು ದಿನದ ರಜೆ ಬರೆದಿಟ್ಟ. ಆಮೇಲೆ ಹಾವೂ ಸಾಯದ, ಕೋಲೂ ಮುರಿಯದ ದಾರಿಯೊಂದನ್ನು ಕಾಯದೆಯ ಪುಸ್ತಕದಲ್ಲೇ ಹುಡುಕಿದ. ಕಳುವಾದ ವಸ್ತುವಿನ ಬೆಲೆ ಐದು ಸಾವಿರದೊಳಗಿದ್ದು, ಮೊದಲ ತಪ್ಪಾಗಿದ್ದು, ವಸ್ತು ಮರಳಿ ಸಿಕ್ಕಿದ್ದರೆ ಶಿಕ್ಷೆ ಜೈಲಲ್ಲ, ಸಮುದಾಯ ಸೇವೆ. ಬೆಲೆ ಕಟ್ಟಲು ನೂರ್ ಬೀಯನ್ನು ಕರೆಸಿದ. ಅವಳ ಆಯಸ್ಕಾಂತ ಗುಂಡಿಗೆ ಟಕ್ಕನೆ ಅಂಟಿಕೊಂಡಿತು. “ಲೋಹಾ ಸಾಬ್, ಬರೇ ಕಬ್ಬಿಣ. ಮೂವತ್ತು ರೂಪಾಯಿ ಕೊಟ್ರ ಹೆಚ್ಚು,” ಅಂದಳು. ಇಪ್ಪತ್ತೈದು ಸಾವಿರದ ಪಂಪಾಪತಿ ಬಾಯಿಗೆ ಬೀಗ ಬಿತ್ತು.

ನವೆಂಬರಿನಲ್ಲಿ ಮಾನ್ವಿ ನ್ಯಾಯಾಲಯಕ್ಕೆ ಪ್ರಕರಣ ಬಂದ ದಿನ ಮಾನಮ್ಮ ಕೋಲೂರಿಕೊಂಡು ಬಂದು ಜಗುಲಿಯಲ್ಲೇ ಕಿರಣಕುಮಾರನನ್ನು ತಡೆದಳು.

“ಕೀಲಿ ಕೊಟ್ಟಾಕಿ ನಾನು. ಕಸಾ ಹೊಡದಾಕಿ ನಾನು. ಬರಕೋ ಯಪ್ಪಾ.”

“ಆರೋಪಿ ಹೇಳಿಕಿ ಬ್ಯಾರೆ ಅದ ಯವ್ವಾ. ನೀ ಮಲಗಿದ್ದಿ.”

“ಮಧ್ಯಾಹ್ನ ನಾ ಯಾವತ್ತು ಮಲಗೀನಿ?”

“ಆವತ್ತು ಮಲಗಿದ್ದಿ.”

ಮುದುಕಿ ಅವನ ಮುಖವನ್ನೇ ನೋಡಿದಳು, ಆಮೇಲೆ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ, ಹನುಮಂತ್ರಾಯನ ಪಕ್ಕದಲ್ಲಿ ಕೂತಳು.

ಮೌನೇಶ್ವರಿ ತಪ್ಪೊಪ್ಪಿಕೊಂಡಳು. ಮ್ಯಾಜಿಸ್ಟ್ರೇಟರು ಕಡತವನ್ನು ಸಾವಕಾಶ ಓದಿ ಆದೇಶ ಹೇಳಿದರು: ಆರೋಪಿ ಒಂದು ತಿಂಗಳು ದಿನಾ ಬೆಳಿಗ್ಗೆ ಕುರ್ಡಿಯ ವೀರಯೋಧ ಸ್ಮಾರಕದ ಕಸ ಗುಡಿಸಿ, ತೊಳೆದು, ಮೂರ್ತಿ ಮತ್ತು ಗುಂಡನ್ನು ಒರೆಸತಕ್ಕದ್ದು.

ಪಂಪಾಪತಿ ಎದ್ದು ನಿಂತ. “ಸ್ವಾಮಿ, ಉಡಿಕಿಯಾದಾಕಿ ರೀ. ಅಲ್ಲಿ ಕೈ ಹಚ್ಚಬಾರದು ಅಂತ ನಮ್ಮ ಕಡಿ ಪದ್ಧತಿ...”

“ಇದು ಪದ್ಧತಿ ಅಲ್ಲ, ಶಿಕ್ಷೆ. ಅಡ್ಡಿ ಮಾಡಿದವರ ಮೇಲೆ ಬೇರೆ ಪ್ರಕರಣ ಆಗುತ್ತದೆ, ಕೂತ್ಕೊಳ್ಳಿ.” ಮ್ಯಾಜಿಸ್ಟ್ರೇಟರು ಕಟಕಟೆಯ ಕಡೆ ತಿರುಗಿದರು. ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವರಿಗೆ ಶಿಕ್ಷೆ ಭಾರವಾಯಿತೇನೋ ಅನ್ನಿಸಿರಬೇಕು. “ಏನಮ್ಮ, ಒಂದು ತಿಂಗಳು ಆಗುತ್ತದಾ?”

ಮೌನೇಶ್ವರಿ ಸೆರಗು ತೆಗೆದು ಕೇಳಿದಳು:

“ಒಂದೇ ತಿಂಗಳೇನ್ರಿ?”

ಹಿಂದಿನ ಬೆಂಚಿನಿಂದ ಮಾನಮ್ಮ ಕೋಲು ಕುಟ್ಟುತ್ತ ಎದ್ದು ಬಂದಳು. ನಡುವಿನ ಕರಿದಾರದಿಂದ ಕೀಲಿ ಬಿಚ್ಚಿ, ಪಂಪಾಪತಿ ನೋಡುತ್ತಿದ್ದಂತೆ, ಕೋರ್ಟು ನೋಡುತ್ತಿದ್ದಂತೆ, ಅದನ್ನು ಸೊಸೆಯ ಕೈಯಲ್ಲಿಟ್ಟಳು.